ಮೂರು ಹೊರೆಗಲ್ಲುಗಳ ನಕ್ಷೆ

ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ನಾನು ಭೂಪಟದ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಪ್ರಶ್ನೆಪತ್ರಿಕೆಯ ಜೊತೆ ಕೊಟ್ಟಿದ್ದ ಖಾಲಿ ಇಂಡಿಯಾವನ್ನು ಹಾಗೇ ಮಡಚಿ, ಉತ್ತರಪತ್ರಿಕೆಯ ಹಿಂದಕ್ಕೆ ದಾರ ಹಾಕಿ ಕಟ್ಟಿ, ಬೆಲ್ಲು ಹೊಡೆಯುವ ಮೊದಲೇ ಹೊರಗೆ ಬಂದೆ. ಗಂಗೆ ಯಾವ ಕಡೆ ಹರಿದರೆ ನನಗೇನಾಗಬೇಕು, ನಮ್ಮೂರ ಕೆರೆಗಂತೂ ಅದು ಬರುವುದಿಲ್ಲ ಎನ್ನುವ ಉಡಾಫೆ ಆಗ. ಪಾಸಾದೆ, ಪ್ಲಸ್ ಟೂ ಕೂಡ ಮುಗಿಸಿದೆ, ಭೂಪಟದ ಗೊಡವೆ ಅಲ್ಲಿಗೆ ತೀರಿತು ಅಂದುಕೊಂಡೆ. ಅದು ಮೂರು ವರ್ಷ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬಂತು.

ನಮ್ಮೂರು ತಮಿಳುನಾಡಿನ ಬೇರಿಕೆಯಿಂದ ಆಚೆ, ಕರ್ನಾಟಕದ ಗಡಿಗೆ ಕೂಗಳತೆಯಲ್ಲಿದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. ಜಗಳಕ್ಕೆ ಮಾತ್ರ ಮೂರೂ ಬೇಕು. ಊರಿಗೂ ದೊಡ್ಡ ರೋಡಿಗೂ ನಡುವೆ ಒಂದು ದಿಣ್ಣೆ ಅಡ್ಡ ಮಲಗಿದೆ. ಊರಿಂದ ಹೊರಟರೆ ಮೊದಲು ಕಡಿದಾದ ಏರು. ತುದಿ ಮುಟ್ಟಿ ಬಲಕ್ಕೆ ತಿರುಗಿದರೆ ನೀಲಗಿರಿ ತೋಪಿನ ನಡುವೆ ಸಲೀಸಾದ ಇಳಿಜಾರು, ಅದರ ಕೊನೆಗೆ ದೊಡ್ಡ ರೋಡು.

ಈ ದಾರಿಯಲ್ಲಿ ಮೂರು ಹೊರೆಗಲ್ಲುಗಳಿವೆ. ಎರಡು ಕಲ್ಲುಕಂಬ ನೆಟ್ಟು ಅವುಗಳ ಮೇಲೆ ಒಂದು ಚಪ್ಪಡಿ ಅಡ್ಡ ಹಾಕಿದರೆ ಹೊರೆಗಲ್ಲಾಯಿತು. ಎತ್ತರ ಸರಿಯಾಗಿ ಒಬ್ಬ ಹೆಂಗಸಿನ ಹೆಗಲಿನಷ್ಟು. ತಲೆಯ ಮೇಲಿನ ಹೊರೆಯನ್ನು ಯಾರ ಕೈಯಾಸರೆಯೂ ಇಲ್ಲದೆ ಅದರ ಮೇಲಕ್ಕೆ ಜಾರಿಸಬಹುದು. ಉಸಿರು ತೆಗೆದುಕೊಂಡು, ಮತ್ತೆ ತಲೆ ಕೊಟ್ಟು, ಎತ್ತಿಕೊಂಡು ಹೊರಡಬಹುದು. ಊರ ಬಾಗಿಲಲ್ಲಿ ಒಂದು, ದಿಣ್ಣೆಯ ತುದಿಯಲ್ಲಿ ಒಂದು, ದೊಡ್ಡ ರೋಡಿನ ಪಕ್ಕದಲ್ಲಿ ಒಂದು. ದಿಣ್ಣೆಯ ಮೇಲಿನದನ್ನು ನಮ್ಮೂರಿನವರು ನಡುಗಲ್ಲು ಅನ್ನುತ್ತಾರೆ. ನಡುಗಲ್ಲು ಮುಟ್ಟಿದರೆ ಅರ್ಧ ದಾರಿ ಮುಗಿಯಿತು ಎಂದು ನನಗೆ ನಡೆಯಲು ಬಂದಾಗಿನಿಂದ ಕೇಳಿದ್ದೇನೆ. ಹೈಸ್ಕೂಲಿಗೆ ಹೋಗುವಾಗ ನಾವೂ ಹಾಗೇ ಲೆಕ್ಕ ಹಾಕುತ್ತಿದ್ದೆವು.

ನಮ್ಮಜ್ಜಿ ಮದುವೆಯಾಗಿ ಬಂದ ವರ್ಷದಿಂದ ಮೊಣಕಾಲು ಕೈಕೊಡುವವರೆಗೆ ಈ ದಾರಿಯಲ್ಲಿ ಅವರೆಕಾಯಿ, ಟೊಮೇಟೊ, ಬದನೆಕಾಯಿ ಹೊತ್ತವಳು. ಈಗ ತರಕಾರಿಗೆ ಗೂಡ್ಸ್ ಆಟೋ ಮನೆ ಬಾಗಿಲಿಗೇ ಬರುತ್ತದೆ. ಆದರೂ ನಡುಗಲ್ಲಿನ ಹತ್ತಿರ ಹೋದಾಗಲೆಲ್ಲ ಅಜ್ಜಿ ಅದರ ಚಪ್ಪಡಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಹಿಂದೆ ಯಾವಾಗಲೋ ಊರಿನ ಒಬ್ಬ ಬಸುರಿ ಹೆರಿಗೆಯಾಗದೆ ತೀರಿಕೊಂಡಳಂತೆ. ಅವಳು ಇಳಿಸಲಾಗದೆ ಹೋದ ಹೊರೆಯ ಹೆಸರಿನಲ್ಲಿ, ಬೇರೆಯವರಾದರೂ ಇಳಿಸಿಕೊಳ್ಳಲಿ ಎಂದು ಮನೆಯವರು ಆ ಕಲ್ಲು ನೆಡಿಸಿದರಂತೆ. ಚಿಕ್ಕಂದಿನಲ್ಲಿ ನನಗೆ ಅದರ ಕೆಳಗಿನ ನೆರಳು ಕುಂಟಾಬಿಲ್ಲೆ ಆಡುವುದಕ್ಕಷ್ಟೇ ಬೇಕಿತ್ತು.

ಇನ್ನು ಭೂಪಟದ ವಿಷಯ. ಹೊಸೂರಿನ ಕಡೆ ಒಂದು ಕಾರ್ಖಾನೆಯಲ್ಲಿ ನನಗೂ ಊರಿನ ಇನ್ನೂ ಐದು ಹುಡುಗಿಯರಿಗೂ ಒಟ್ಟಿಗೆ ಕೆಲಸ ಸಿಕ್ಕಿತು. ಸಣ್ಣ ಸಣ್ಣ ವೈರುಗಳನ್ನು ಸಣ್ಣ ಸಣ್ಣ ಡಬ್ಬಿಗಳಿಗೆ ಜೋಡಿಸುವ ಕೆಲಸ. ನನಗೋ ಆಕಾಶ ಮೂರೇ ಗೇಣು. ಆದರೆ ಫಸ್ಟ್ ಶಿಫ್ಟು ಬೆಳಿಗ್ಗೆ ಆರಕ್ಕೆ. ಕಂಪನಿ ಬಸ್ಸು ದೊಡ್ಡ ರೋಡಿನಲ್ಲಿ ಐದಕ್ಕೆ ಮೊದಲೇ ಹಾದುಹೋಗುತ್ತದೆ. ಅಂದರೆ ಕತ್ತಲಿರುವಾಗಲೇ ಏರು ಹತ್ತಿ ತೋಪು ದಾಟಬೇಕು. ಹಿಂದಿನ ವರ್ಷ ರಾಗಿ ಕಟಾವಿನ ಹೊತ್ತಿಗೆ ಅದೇ ತೋಪಿನಲ್ಲಿ ಆನೆ ನಿಂತಿತ್ತು.

ಅಮ್ಮ ಒಂದೇ ಮಾತು ಹೇಳಿದಳು. "ಬಸ್ಸು ಊರ್ ಬಾಗ್ಲಿಗೆ ಬಂದ್ರೆ ಹೋಗು. ಇಲ್ದಿದ್ರೆ ಮನೇಲಿರು."

"ಆರ್ ಜನ ಇರ್ತೀವಲ್ಲಮ್ಮ, ಸೆಲ್ ಲೈಟ್ ಹಾಕ್ಕೊಂಡು ಹೋಯ್ತೀವಿ."

"ಆನೆ ನಿನ್ ಸೆಲ್ ಲೈಟ್ ನೋಡಿ ಸೈಡ್ ಕೊಡ್ತದಾ? ಸುಮ್ಕಿರು."

ಉಳಿದ ಐದು ಮನೆಗಳಲ್ಲೂ ಇದೇ ರಾಗ. ಅಮ್ಮಂದಿರು ಕೊಳಾಯಿ ಹತ್ತಿರ ಸೇರಿ ಮೊದಲೇ ಮಾತಾಡಿಕೊಂಡಿದ್ದರು ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ನಾವು ಆರು ಜನ ಕಂಪನಿಯ ಟ್ರಾನ್ಸ್‌ಪೋರ್ಟ್ ಸೆಕ್ಷನ್ನಿನ ಮುಂದೆ ನಿಂತೆವು. ಅಲ್ಲಿದ್ದ ಸಾರ್ ಒಳ್ಳೆಯವರೇ, ಆದರೆ ಬಸ್ಸಿನ ವಿಷಯಕ್ಕೆ ಬಂದರೆ ಮುಖ ಗಂಟು. ಫೋನಿನಲ್ಲಿ ಲೊಕೇಶನ್ ಕಳಿಸುತ್ತೇವೆ ಅಂದಾಗ ಅವರು ನಕ್ಕುಬಿಟ್ಟರು. ತಮ್ಮ ಫೋನಿನಲ್ಲಿ ನಮ್ಮೂರನ್ನು ಹುಡುಕಿ ತೋರಿಸಿದರು; ಅದು ನಮ್ಮೂರಿನ ಗುರುತನ್ನು ಪಕ್ಕದೂರಿನ ಕೆರೆಯ ನಡುನೀರಿನಲ್ಲಿ ಇಟ್ಟಿತ್ತು. ಇನ್ನೊಂದು ಊರಿಗೆ ಹೀಗೇ ಫೋನು ನಂಬಿ ಹೋದ ಬಸ್ಸು ಕೆಸರಿನಲ್ಲಿ ಕೂತು, ಟ್ರಾಕ್ಟರ್ ಕಟ್ಟಿ ಎಳೆಸಿದರಂತೆ.

"ಪೇಪರ್‌ಲ ಮ್ಯಾಪ್ ಪೋಟ್ಟು ಕೊಡುಮ್ಮಾ," ಅಂದರು. ಕಾಗದದ ಮೇಲೆ ನಕ್ಷೆ ಬರೆದು ಕೊಡಬೇಕಂತೆ. ಮೇಲೆ ಹೆಸರು, ಪಕ್ಕದಲ್ಲಿ ದಿಕ್ಕು, ಕೆಳಗೆ ಸ್ಕೇಲು, ಮೂಲೆಯಲ್ಲಿ ಗುರುತುಗಳ ಪಟ್ಟಿ, ನಾಲ್ಕೂ ಇರಬೇಕು. ಭಾನುವಾರ ಮಧ್ಯಾಹ್ನ ಡ್ರೈವರ್ ಖಾಲಿ ಬಸ್ಸು ತರುತ್ತಾರೆ. ಯಾರನ್ನೂ ಕೇಳದೆ, ಫೋನು ನೋಡದೆ, ಬರೀ ಆ ಕಾಗದ ಹಿಡಿದು ಬರಬೇಕು. ಬಂದರೆ ಸೋಮವಾರದಿಂದ ಬಸ್ಸು ಊರಿಗೆ. ಬರದಿದ್ದರೆ ದೊಡ್ಡ ರೋಡಿನಲ್ಲೇ ಹತ್ತಿಕೊಳ್ಳಿ. ಹುಡುಗಿಯರು ಐದೂ ಜನ ನನ್ನ ಕಡೆ ತಿರುಗಿದರು. ಕ್ಲಾಸಿನಲ್ಲಿ ಜೋರು ಬಾಯಿ ನನ್ನದೇ ಆಗಿತ್ತಲ್ಲ, ಅದಕ್ಕೆ. ಭೂಪಟದ ಪ್ರಶ್ನೆ ಬಿಟ್ಟು ಎದ್ದು ಬಂದವಳೂ ನಾನೇ ಎಂದು ಅಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅಟ್ಟದಿಂದ ಹಳೇ ಸಮಾಜ ಪುಸ್ತಕ ಇಳಿಸಿದೆ. ಇಲಿ ಇತಿಹಾಸವನ್ನು ತಿಂದಿತ್ತು, ಭೂಗೋಳ ಹಾಗೇ ಇತ್ತು. ನಮ್ಮ ಮನೆಯ ಇಲಿಗೂ ಭೂಪಟ ರುಚಿಸಿರಲಿಲ್ಲ. ಜಗಲಿಯ ಮೇಲೆ ಕಾಗದ ಹರಡಿ, ಪಾಠ ಓದುತ್ತಾ ಕೂತೆ. ನಿಜ ಹೇಳಬೇಕೆಂದರೆ ಓದುತ್ತಾ ಓದುತ್ತಾ ನನಗೆ ನಾಚಿಕೆಯಾಯಿತು. ಇದರಲ್ಲಿ ಕಷ್ಟದ್ದು ಏನೂ ಇರಲಿಲ್ಲ. ಇದು ಯಾವ ಜಾಗದ ಚಿತ್ರ, ಯಾವ ಕಡೆಗೆ ಮುಖ, ಎಷ್ಟನ್ನು ಎಷ್ಟಾಗಿ ಕುಗ್ಗಿಸಿದೆ, ಯಾವ ಗುರುತು ಏನು, ನಾಲ್ಕೇ ಪ್ರಶ್ನೆ. ಊರಿಗೆ ಹೊಸಬರು ಬಂದರೆ ಅಜ್ಜಿ ಕೇಳುವುದೂ ಹೆಚ್ಚುಕಮ್ಮಿ ಇದನ್ನೇ.

ಅಜ್ಜಿ ಅವರೆಕಾಯಿ ಸುಲಿಯುತ್ತಾ ನನ್ನ ಪೇಚಾಟ ನೋಡುತ್ತಿದ್ದವಳು ತಡೆಯಲಾರದೆ ಎದ್ದು ಬಂದಳು. ರಂಗೋಲಿ ಡಬ್ಬಿ ತಂದು, ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು, ಒಂದೇ ಎಳೆಯಲ್ಲಿ ದಾರಿ ಎಳೆದಳು. ಮನೆಗಳಿಗೆ ಅವರೆಕಾಳು ಇಟ್ಟಳು. ಕೆರೆಗೆ ಒಂದು ಬಟ್ಟಲು ಕವುಚಿದಳು. ನನ್ನ ಪೆನ್ಸಿಲ್ಲು ಅರ್ಧ ಗಂಟೆಯಲ್ಲಿ ಮಾಡದ್ದನ್ನು ಅವಳ ಬೆರಳು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿತ್ತು.

ತೊಂದರೆ ಒಂದೇ. ನಮ್ಮಜ್ಜಿ ಯಾವ ಕೆಲಸ ಶುರು ಮಾಡಿದರೂ ಪೂರ್ವಕ್ಕೇ ಮುಖ ಮಾಡುವವಳು. ಬೀಜ ಎಣಿಸಲಿ, ಹಪ್ಪಳ ಒತ್ತಲಿ, ಕೊನೆಗೆ ಮಾತ್ರೆ ನುಂಗುವಾಗಲೂ ಅಷ್ಟೇ. ಹಾಗಾಗಿ ಅವಳ ಚಿತ್ರದ ತಲೆಯಲ್ಲಿ ಪೂರ್ವ ಇತ್ತು. ಪುಸ್ತಕದಲ್ಲಿ ಉತ್ತರ ಮೇಲಿರಬೇಕು ಅಂತಿತ್ತು.

"ಅಜ್ಜಿ, ವಸಿ ಈ ಕಡೆ ತಿರುಗಿ ಕೂತ್ಕೋ. ಉತ್ತರ ಮ್ಯಾಲೆ ಬರ್ಬೇಕಂತೆ."

"ಸೂರ್ಯ ಹುಟ್ಟೋ ಕಡೆ ಬುಟ್ಟು ಅತ್ತಗೆ ಯಾಕೆ ತಿರುಗ್ಲಿ? ನಾನ್ ತಿರುಗಾಕಿಲ್ಲ. ನಿನ್ ಕಾಗ್ದ ತಿರುಗ್ಸು."

ತಿರುಗಿಸಿದೆ. ಆಶ್ಚರ್ಯವೆಂದರೆ ಪಾಠದಲ್ಲೂ ಅದನ್ನೇ ಬರೆದಿದ್ದರು: ಭೂಪಟ ನೋಡುವಾಗ ಅದನ್ನು ನೆಲದ ದಿಕ್ಕಿಗೆ ಹೊಂದುವಂತೆ ತಿರುಗಿಸಿಕೊಳ್ಳಬೇಕು. ಅಜ್ಜಿಗೆ ಓದಿ ಹೇಳಿದೆ. ಬರೆದವನು ತಿಳಿದವನೇ ಇರಬೇಕು ಎಂದು ಅವಳು ಒಪ್ಪಿಕೊಂಡಳು.

ಆಮೇಲೆ ಅಳತೆ. ದೊಡ್ಡ ರೋಡಿನ ತಿರುವಿನಲ್ಲಿ ನಮ್ಮೂರಿಗೆ ಟಾರು ಹಾಕಿದಾಗ ನೆಟ್ಟ ಬೋರ್ಡಿದೆ. ಅದರ ಮೇಲೆ ರಸ್ತೆಯ ಉದ್ದ ಮೂರು ಪಾಯಿಂಟ್ ಎರಡು ಕಿಲೋಮೀಟರ್ ಎಂದು ಬರೆದಿದೆ. ಅಪ್ಪನ ಬೈಕಿನ ಮೀಟರು ನಾನು ಹೈಸ್ಕೂಲಿನಲ್ಲಿದ್ದಾಗಲೇ ಸತ್ತಿತ್ತು, ಆದ್ದರಿಂದ ಬೋರ್ಡೇ ಗತಿ. ಒಂದು ಕಿಲೋಮೀಟರಿಗೆ ಐದು ಸೆಂಟಿಮೀಟರ್ ಎಂದು ಸ್ಕೇಲು ಇಟ್ಟುಕೊಂಡೆ. ಒಟ್ಟು ಹದಿನಾರು ಸೆಂಟಿಮೀಟರ್. ತಿರುವು ಇರುವುದು ನಡುಗಲ್ಲಿನ ಹತ್ತಿರ, ಅಂದರೆ ಅರ್ಧ ದಾರಿಯಲ್ಲಿ. ಈ ಕಡೆ ಎಂಟು, ಆ ಕಡೆ ಎಂಟು. ಲೆಕ್ಕ ಇಷ್ಟು ಸರಾಗವಾಗಿ ಬಂದದ್ದು ನನ್ನ ಜೀವಮಾನದಲ್ಲೇ ಮೊದಲು. ಸೀಸದ ಗೆರೆಯ ಮೇಲೆ ಪೆನ್ನು ಎಳೆದೆ.

ಗುರುತುಗಳನ್ನು ಪುಸ್ತಕದಲ್ಲಿದ್ದ ಹಾಗೇ ಹಾಕಿದೆ: ಗುಡಿ, ಶಾಲೆ, ನೀರಿನ ಟ್ಯಾಂಕು, ರೇಷನ್ ಅಂಗಡಿ. ಅಜ್ಜಿ ಕಾಗದದ ಮೇಲೆ ಬಗ್ಗಿ, "ಕಲ್ಲೆಲ್ಲಿ?" ಅಂದಳು.

"ಯಾವ್ ಕಲ್ಲು?"

"ಹೊರೆಗಲ್ಲು ಕಣಮ್ಮಿ. ಮೂರಿಲ್ವಾ?"

"ಅಯ್ಯೋ ಅಜ್ಜಿ, ಕಂಪನಿಯೋರ್ ನೋಡೋ ಮ್ಯಾಪಿದು. ಕಲ್ಲು ಮಣ್ಣು ಹಾಕಿದ್ರೆ ನಗ್ತಾರೆ."

ಅಜ್ಜಿ ಅವರೆಕಾಯಿಯ ಕಡೆಗೆ ವಾಪಸು ಹೋದಳು. ನಾನು ಬಣ್ಣದ ಪೆನ್ಸಿಲ್ಲು ಚೂಪು ಮಾಡಿಕೊಂಡೆ. ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ನಕ್ಷೆ ಶನಿವಾರ ಸಂಜೆಯೇ ಕಂಪನಿ ಸೇರಿತ್ತು. ಭಾನುವಾರ ಮೂರು ಗಂಟೆಗೆ ಊರಿಗೆ ಊರೇ ಬಾಗಿಲ ಹೊರೆಗಲ್ಲಿನ ಹತ್ತಿರ ಸೇರಿತ್ತು. ಹುಡುಗಿಯರು ಆರೂ ಜನ ತಲೆ ಬಾಚಿ, ಹೂ ಮುಡಿದು, ಯಾರೋ ನೋಡಲು ಬರುತ್ತಾರೆ ಎನ್ನುವ ಹಾಗೆ ನಿಂತಿದ್ದೆವು. ಅಮ್ಮ ಸೆರಗು ಸಿಕ್ಕಿಸಿಕೊಂಡು ನ್ಯಾಯ ಕೇಳುವವಳಂತೆ ಎದುರಿಗೆ. ಅಜ್ಜಿ ಕಲ್ಲಿಗೆ ಒರಗಿ ಎಲೆ ಅಡಿಕೆ ಹಾಕಿಕೊಂಡಳು. ಮೂರೂವರೆಯಾಯಿತು. ದಿಣ್ಣೆಯ ಮೇಲೆ ಒಂದು ಹಸು ಕಂಡಿತು, ಬಸ್ಸು ಕಾಣಲಿಲ್ಲ.

ಮೂರೂಮುಕ್ಕಾಲಿಗೆ ಹಾರನ್ನು ಕೇಳಿಸಿತು. ನಾವು ಚಪ್ಪಾಳೆ ತಟ್ಟಿದೆವು. ಆದರೆ ಸದ್ದು ದಿಣ್ಣೆಯ ಆಚೆ, ಎಲ್ಲೋ ಕಲ್ಲು ಕ್ವಾರಿಯ ಕಡೆಯಿಂದ ಬರುತ್ತಿತ್ತು. ಹಾರನ್ನಿನ ಹಿಂದೆ ನಾಯಿ ಬೊಗಳುವುದೂ ಕೇಳಿಸಿತು. ಪಕ್ಕದ ಮನೆಯ ಮಾವ ಬೈಕು ಹತ್ತಿ, "ಓಗಿ ಕರ್ಕೊಂಡ್ ಬತ್ತೀನಿ" ಅಂದ.

"ಸುಮ್ಕಿರ್ಲಾ," ಅಜ್ಜಿ ಅವನ ಬೈಕಿನ ಹಿಂದಿನ ಕಂಬಿ ಹಿಡಿದಳು. "ಯಾರೂ ದಾರಿ ಹೇಳಂಗಿಲ್ಲ ಅಂತ ಆಗ್ಯದೆ. ನೀನ್ ಹೋದ್ರೆ ಮಗೀನ ಕೆಲ್ಸ ಹೋಯ್ತದೆ."

ಅಮ್ಮ ಸೆರಗು ಬಿಚ್ಚಿ ಮತ್ತೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಕಾರ್ಖಾನೆ, ನೀಲಿ ಕೋಟು, ಕುತ್ತಿಗೆಗೆ ನೇತುಹಾಕುವ ಫೋಟೋ ಕಾರ್ಡು ಎಲ್ಲವೂ ಆ ಕ್ವಾರಿಯ ಧೂಳಿನಲ್ಲಿ ಕರಗಿ ಹೋಗುತ್ತಿರುವಂತೆ ಕಂಡಿತು.

ನಾಲ್ಕು ಹತ್ತಕ್ಕೆ ಬಸ್ಸು ದಿಣ್ಣೆಯ ಮೇಲೆ ಮೂಗು ತೋರಿಸಿತು. ಮೈಯೆಲ್ಲ ಬಿಳೀ ಧೂಳು. ಇಳಿದು ಬಂದು ಹೊರೆಗಲ್ಲಿನ ಹತ್ತಿರ ನಿಂತು, ಒಂದು ಸಲ ಕೆಮ್ಮಿತು. ಡ್ರೈವರು ನಮ್ಮಪ್ಪನ ವಯಸ್ಸಿನವರು, ದಪ್ಪ ಮೀಸೆ, ಧರ್ಮಪುರಿಯ ಕಡೆಯವರು. ಕನ್ನಡ, ತಮಿಳು ಕಲಸಿ ಮಾತಾಡುತ್ತಿದ್ದರು. ನನ್ನ ನಕ್ಷೆಯನ್ನು ಗಾಳಿಯಲ್ಲಿ ಬೀಸುತ್ತಾ ಇಳಿದರು.

"ಎನ್ನಮ್ಮಾ ಇದು ಮ್ಯಾಪು? ಯಾರು ಬರ್ದಿದ್ದು?"

ನಾನು ಕೈ ಎತ್ತಿದೆ. ಕ್ಲಾಸಿನಲ್ಲೂ ಅಷ್ಟು ಮೆತ್ತಗೆ ಕೈ ಎತ್ತಿದವಳಲ್ಲ.

"ಎಂಟು ಸೆಂಟಿಮೀಟರ್ ಅಂದ್ರೆ ಒಂದು ಪಾಯಿಂಟ್ ಆರು ಕಿಲೋಮೀಟರ್. ಸರಿನಾ? ಬೋರ್ಡ್ ಹತ್ರ ಮೀಟರ್ ಸೊನ್ನೆ ಮಾಡ್ದೆ. ಒಂದು ಪಾಯಿಂಟ್ ಆರಕ್ಕೆ ಎಡಗಡೆ ದಾರಿ ಇತ್ತು, ತಿರುಗಿಸ್ದೆ. ನೇರ ಕ್ವಾರಿ. ಅಲ್ಲಿ ಒಂದು ನಾಯಿ ಬಸ್ ಟಯರ್ ಕಡಿಯೋಕೆ ಬಂತು. ವಾಪಸ್ ಬಂದು, ಮುಂದಿನ ಎಡಗಡೆ ತಿರುವು ಹಿಡ್ದು ಬಂದೆ."

"ಅದ್ ಹೆಂಗಾಯ್ತದೆ ಸಾರ್? ನಡುಗಲ್ಲು ಅರ್ಧ ದಾರಿಗೆ ಅದೆ. ಊರೋರ್ನೆಲ್ಲ ಕೇಳಿ."

ಊರವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಡ್ರೈವರು ಎಲ್ಲರ ಮುಖ ಒಂದು ಸುತ್ತು ನೋಡಿ, "ಹತ್ತು, ಅಳೆಯೋಣ," ಅಂದರು. ನಾನು ಹತ್ತಿದೆ. ನನ್ನ ಹಿಂದೆ, ಯಾರೂ ಕರೆಯದಿದ್ದರೂ, ಅಜ್ಜಿ ಹತ್ತಿದಳು. ಡ್ರೈವರ ಪಕ್ಕದ ಸೀಟಿನಲ್ಲಿ ಕಾಲು ಮಡಚಿ ಕೂತು, ಎಲೆ ಅಡಿಕೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಬಸ್ಸು ತಿರುಗಿಸಿಕೊಂಡು ಏರು ಹತ್ತತೊಡಗಿತು. ಎಂಜಿನ್ನು ಎರಡನೇ ಗೇರಿನಲ್ಲಿ ಗೊಣಗಿತು. ಅಜ್ಜಿ ಕಿಟಕಿಯಿಂದ ಎಲ್ಲವನ್ನೂ ಹೇಳುತ್ತಾ ಹೋದಳು: ಇಲ್ಲಿ ಕಾಲು ಜಾರಿ ಒಂದು ಮಂಕರಿ ಟೊಮೇಟೊ ಉರುಳಿ ಹೋಗಿತ್ತು, ಈ ಬಂಡೆ ಹತ್ತಿರ ನಿಂತು ನಿಮ್ಮಪ್ಪನಿಗೆ ಹಾಲು ಕುಡಿಸಿದ್ದೆ. ಅವಳು ಎರಡನೆಯ ಕತೆ ಮುಗಿಸುವುದರೊಳಗೆ ನಡುಗಲ್ಲು ಬಂದೇಬಿಟ್ಟಿತು. ಡ್ರೈವರು ಬ್ರೇಕು ಹಾಕಿ ಮೀಟರು ತೋರಿಸಿದರು. ಪಾಯಿಂಟ್ ಎಂಟು. ಒಂದು ಕಿಲೋಮೀಟರೂ ಇಲ್ಲ.

ನಾನು ಮೂರು ಸಲ ನೋಡಿದೆ. ಮೀಟರು ಕೆಟ್ಟಿದೆ ಅಂದೆ. ಹಾಗಾದರೆ ಮುಂದೆ ನೋಡು ಎಂದು ಅವರು ಬಸ್ಸು ಬಿಟ್ಟರು. ತೋಪಿನ ಇಳಿಜಾರಿನಲ್ಲಿ ಬಸ್ಸು ತೇಲಿಕೊಂಡು ಹೋಯಿತು, ಹೋಗುತ್ತಲೇ ಇತ್ತು. ರೋಡಿನ ಕಲ್ಲು ಬರುವ ಹೊತ್ತಿಗೆ ಮೀಟರು ಮೂರು ಪಾಯಿಂಟ್ ಎರಡು. ಬೋರ್ಡಿನಲ್ಲಿ ಬರೆದಷ್ಟೇ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ನಮ್ಮೂರಿನ ನಡುಗಲ್ಲು ನಡುವಿನಲ್ಲಿರಲಿಲ್ಲ. ಈ ಕಡೆ ಒಂದು ಪಾಲು, ಆ ಕಡೆ ಮೂರು ಪಾಲು.

ಆಗ ತಲೆಗೆ ಹೊಳೆಯಿತು. ಕಲ್ಲು ನೆಟ್ಟವರು ಕಿಲೋಮೀಟರು ನೋಡಿ ನೆಟ್ಟಿರಲಿಲ್ಲ, ಹೆಂಗಸರ ಕುತ್ತಿಗೆ ನೋಡಿ ನೆಟ್ಟಿದ್ದರು. ಹೊರೆ ಹೊತ್ತು ಆ ಏರು ಹತ್ತುವ ದಣಿವೂ, ಆಮೇಲಿನ ಉದ್ದದ ಇಳಿಜಾರಿನ ದಣಿವೂ ತೂಕಕ್ಕೆ ತೂಕ ಸಮ. ಹೊತ್ತವರಿಗೆ ಅದು ಅರ್ಧ ದಾರಿಯೇ. ಅವರಿಂದ ಕೇಳಿದ ಅರ್ಧವನ್ನು ನಾನು ಸ್ಕೇಲು ಹಿಡಿದು ಎಂಟು ಸೆಂಟಿಮೀಟರ್ ಮಾಡಿಬಿಟ್ಟಿದ್ದೆ.

ಇಷ್ಟು ಹೊತ್ತೂ ಕತೆ ಹೇಳುತ್ತಿದ್ದ ಅಜ್ಜಿ ಸೀಟಿನಲ್ಲೇ ತಿರುಗಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಂದ ದಾರಿಯನ್ನು ಹಿಂದಿರುಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಈಟೇನಾ?"

ಊರಿಂದ ಇಲ್ಲಿಗೆ ಬರಲು ಹತ್ತು ನಿಮಿಷವೂ ಹಿಡಿದಿರಲಿಲ್ಲ. ಅವಳು ಬಸ್ಸು ಹತ್ತಿ ಹಾಕಿಕೊಂಡ ಎಲೆ ಅಡಿಕೆ ಇನ್ನೂ ಮುಗಿದಿರಲಿಲ್ಲ.

ವಾಪಸು ಬರುವಾಗ ಡ್ರೈವರು ನಡುಗಲ್ಲಿನ ಹತ್ತಿರ ಮತ್ತೆ ನಿಲ್ಲಿಸಿದರು. "ಈ ಕಲ್ಲು ದೂರದಿಂದಲೇ ಕಾಣುತ್ತೆ. ಇದನ್ನ ಯಾಕೆ ಹಾಕಿಲ್ಲ? ಗುಡಿ ಹಾಕಿದ್ದೀಯ, ಟ್ಯಾಂಕ್ ಹಾಕಿದ್ದೀಯ, ರೇಷನ್ ಅಂಗಡಿ ಹಾಕಿದ್ದೀಯ. ನಾನೇನು ಸಕ್ಕರೆ ತಗೊಳ್ಳೋಕೆ ಬರ್ತಾ ಇದ್ದೀನಾ? ತಿರುಗೋ ಜಾಗದಲ್ಲಿ ಏನಿದೆ ಅಂತ ತಾನೆ ಹಾಕ್ಬೇಕು? ಇದೊಂದು ಹಾಕಿದ್ರೆ ಸ್ಕೇಲ್ ತಪ್ಪಿದ್ರೂ ನಾನು ಬಂದ್ಬಿಡ್ತಿದ್ದೆ."

ನಾನು ಅಜ್ಜಿಯ ಮುಖ ನೋಡಲಿಲ್ಲ. ನಾನೇ ಹೇಳಿದೆ ಅಲ್ವಾ ಎಂದು ಅವಳು ಅನ್ನಬಹುದಿತ್ತು, ಅನ್ನಲಿಲ್ಲ. ಬಸ್ಸಿನಿಂದ ಇಳಿದು, ಚಪ್ಪಡಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಹತ್ತಿ ಕೂತಳು. ಡ್ರೈವರು ಅಷ್ಟು ಹೊತ್ತೂ ಎಂಜಿನ್ನು ನಿಲ್ಲಿಸಿ ಕಾದರು.

ಊರ ಬಾಗಿಲಲ್ಲಿ ಅಮ್ಮ ನಿಂತ ಕಡೆಯೇ ನಿಂತಿದ್ದಳು. ಡ್ರೈವರು ಅವಳ ಎದುರೇ ತೀರ್ಮಾನ ಹೇಳಿದರು. ತಾನು ಬಂದದ್ದು ನಿಜ, ಯಾರನ್ನೂ ಕೇಳಲಿಲ್ಲ ಎಂಬುದೂ ನಿಜ, ನಾಯಿ ಲೆಕ್ಕಕ್ಕಿಲ್ಲ. ಆದರೆ ಬೆಳಗಿನ ಶಿಫ್ಟಿಗೆ ಬರುವವನು ತಾನಲ್ಲ, ಬೇರೆ ಡ್ರೈವರು, ಹೊಸಬ, ಬರುವುದು ಕತ್ತಲಲ್ಲಿ. ತನ್ನ ಮನೆ ಬೇರಿಕೆಯಲ್ಲಿ. ಏಳು ಗಂಟೆಯೊಳಗೆ ಸರಿಯಾದ ನಕ್ಷೆ ಕೈಗೆ ಬಂದರೆ ಅದನ್ನು ಅವನಿಗೆ ತಲುಪಿಸಿ ಆಫೀಸಿಗೆ ಹೂಂ ಅನ್ನುತ್ತೇನೆ ಅಂದರು. ಇಲ್ಲದಿದ್ದರೆ ಇಲ್ಲ.

"ಏಳರೊಳಗೆ ಆಯ್ತದೇನೆ?" ಅಮ್ಮ ಕೇಳಿದಳು. ಅವಳ ದನಿಯಲ್ಲಿ ಆಗಲಿ ಎನ್ನುವ ಆಸೆ ಇದ್ದದ್ದು ನನಗೆ ಮೊದಲ ಸಲ ಕೇಳಿಸಿತು. ಅಪ್ಪ ಬೈಕಿನಲ್ಲಿ ಪೆಟ್ರೋಲು ಇದೆಯೇ ಎಂದು ಅಲ್ಲಾಡಿಸಿ ನೋಡತೊಡಗಿದ.

ಜಗಲಿಯ ಮೇಲೆ ಹೊಸ ಕಾಗದ ಹರಡಿದೆ. ಈ ಸಲ ಸಿಟ್ಟಿತ್ತು, ನನ್ನ ಮೇಲೆಯೇ. ದೊಡ್ಡ ರೋಡಿನಿಂದ ನಡುಗಲ್ಲಿಗೆ ಹನ್ನೆರಡು ಸೆಂಟಿಮೀಟರ್. ಅಲ್ಲಿ ಎಡಕ್ಕೆ ತಿರುವು. ನಡುಗಲ್ಲಿನಿಂದ ಊರಿಗೆ ನಾಲ್ಕು. ಕ್ವಾರಿಯ ದಾರಿಯ ಮೇಲೆ ದೊಡ್ಡದಾಗಿ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಒಂದು ನಾಯಿಯನ್ನೂ ಬರೆದೆ. ಗುರುತುಗಳ ಪಟ್ಟಿಯಲ್ಲಿ ಮೊಟ್ಟಮೊದಲು ಹೊರೆಗಲ್ಲು: ಎರಡು ನಿಂತ ಗೆರೆ, ಒಂದು ಅಡ್ಡ ಗೆರೆ. ಯಾವ ಪುಸ್ತಕದಲ್ಲೂ ಇಲ್ಲದ ಗುರುತು. ಮೂರೂ ಕಲ್ಲುಗಳನ್ನು ಅವುಗಳ ಜಾಗದಲ್ಲಿ ಕೂರಿಸಿದೆ.

ಅಜ್ಜಿ ಬಗ್ಗಿ ನೋಡಿದಳು. ಕಲ್ಲುಗಳು ಬಂದದ್ದು ಕಂಡು ಖುಷಿಯಾಯಿತು. ಊರಿನ ಕಲ್ಲಿನ ಮೇಲೆ ಬೆರಳಿಟ್ಟು, "ಇದು ಬಾಗ್ಲು," ಅಂದಳು. ನಡುಗಲ್ಲಿನ ಮೇಲೆ ಇನ್ನೊಂದು ಬೆರಳಿಟ್ಟಳು. ಎರಡರ ನಡುವೆ ಇನ್ನೆರಡು ಬೆರಳು ಇಡುವಷ್ಟೇ ಜಾಗ ಇತ್ತು.

"ಏರೆಲ್ಲಿ?"

"ಇದೇ ಅಜ್ಜಿ. ಈ ನಾಕು ಸೆಂಟಿಮೀಟ್ರು."

"ಎಲ್ಡ್ ಬೆಳ್ಳಗ್ಲನಾ?" ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಮೈ ನೆತ್ರೆಲ್ಲಾ ಬೆವ್ರಾಗಿ ಹೋಯ್ತಿತ್ತಲ್ಲೇ ಅಲ್ಲಿ. ಎಲ್ಡ್ ಬೆಳ್ಳಗ್ಲ ಅಂತೀಯ."

ಅವಳಿಗೆ ನೋವಾಗಿತ್ತು. ನಗುತ್ತಲೇ ಹೇಳಿದಳು, ಆದರೆ ನೋವಾಗಿತ್ತು, ನನಗೂ ಆಯಿತು. ನಾನು ಹಾಕಿದ ಅಳತೆ ಸರಿ, ಮೀಟರು ಸರಿ, ಬೋರ್ಡು ಸರಿ. ಅವಳ ಅರ್ಧ ಆಯಸ್ಸು ಮಾತ್ರ ಎರಡು ಬೆರಳಗಲಕ್ಕೆ ಇಳಿದಿತ್ತು. ಗಂಟೆ ಆರು ದಾಟಿತ್ತು, ಅಪ್ಪ ಹೊರಗೆ ಬೈಕು ಒದೆಯುತ್ತಿದ್ದ. ಹಾಗೇ ಮಡಚಿ ಕೊಟ್ಟುಬಿಡಬಹುದಿತ್ತು. ಕೊಡಲು ಮನಸ್ಸು ಬರಲಿಲ್ಲ.

ಪುಸ್ತಕ ತೆರೆದೆ. ಶನಿವಾರ ಓದದೆ ದಾಟಿಸಿದ್ದ ಒಂದು ಪುಟವಿತ್ತು. ನೆಲದ ಏರಿಳಿತ ತೋರಿಸುವುದು ಹೇಗೆ ಎಂದು. ಎತ್ತರಕ್ಕೆ ತಕ್ಕಂತೆ ಗೆರೆ ಎಳೆಯುತ್ತಾರೆ. ನೆಲ ಸಲೀಸಾಗಿದ್ದರೆ ಗೆರೆಗಳು ದೂರ ದೂರ, ಕಡಿದಾಗಿದ್ದರೆ ಒತ್ತೊತ್ತಾಗಿ. ಉದ್ದವನ್ನು 'ಇಷ್ಟೇ' ಅನ್ನುವ ಭೂಪಟಕ್ಕೆ, ಆ ಇಷ್ಟರಲ್ಲಿ ಎಷ್ಟು ಕಷ್ಟವಿದೆ ಎಂದು ಹೇಳಲೂ ಬರುತ್ತಿತ್ತು. ನಾನು ಮುಟ್ಟದೆ ಬಂದ ಪ್ರಶ್ನೆಯಲ್ಲಿ ಇದೂ ಇತ್ತೋ ಏನೋ.

ಇಳಿಜಾರಿನ ಹನ್ನೆರಡು ಸೆಂಟಿಮೀಟರಿನಲ್ಲಿ ನಾಲ್ಕೇ ಗೆರೆ ಎಳೆದೆ, ಬಿಡಿಬಿಡಿಯಾಗಿ. ಏರಿನ ನಾಲ್ಕು ಸೆಂಟಿಮೀಟರಿನಲ್ಲಿ ಒಂದರ ಪಕ್ಕ ಒಂದು, ಒಂಬತ್ತು ಗೆರೆ. ಅಷ್ಟು ಜಾಗ ಕಂದು ಬಣ್ಣಕ್ಕೆ ತಿರುಗಿತು.

"ಏನೇ ಅದು, ಹಂಗ್ ಗೀಚ್ತಿದ್ದೀಯ?"

"ಏರು ಅಜ್ಜಿ. ಗೆರೆ ಒತ್ತಾಗಿದ್ರೆ ಹತ್ತೋದು ಕಷ್ಟ ಅಂತ. ಕಷ್ಟ ಜಾಸ್ತಿ ಇದ್ದಷ್ಟೂ ಗೆರೆ ಜಾಸ್ತಿ. ಡ್ರೈವರ್ ನೋಡಿದ್ ಕೂಡ್ಲೆ ಗೇರ್ ಇಳಿಸ್ಬೇಕು."

ಅಜ್ಜಿ ಕಾಗದವನ್ನು ಕೈಗೆ ತೆಗೆದುಕೊಂಡಳು. ಪೂರ್ವಕ್ಕೆ ಮುಖ ಮಾಡಿ ನಿಂತು, ಅದನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡು, ಆ ಗೆರೆಗಳ ಮೇಲೆ ಬೆರಳಾಡಿಸಿದಳು. ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಗೆರೆ, ನಡುಗಲ್ಲು ಸಿಗುವವರೆಗೆ. ಅಲ್ಲಿ ಬೆರಳು ನಿಲ್ಲಿಸಿ ಒಂದು ಉಸಿರು ಬಿಟ್ಟಳು. ಆಮೇಲೆ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಇನ್ನೊಂದೆಲ್ಡು ಹಾಕು," ಅಂದಳು.

ನಾನು ಮೂರು ಹಾಕಿದೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಅಪ್ಪ ನಕ್ಷೆಯನ್ನು ಡ್ರೈವರ ಕೈಗೆ ಮುಟ್ಟಿಸಿದ. ಮರುದಿನ ಬೆಳಗಿನ ಕತ್ತಲಲ್ಲಿ ಹೊಸ ಡ್ರೈವರನ ಬಸ್ಸು ಯಾರನ್ನೂ ಕೇಳದೆ ನಮ್ಮೂರ ಕಲ್ಲಿನ ಹತ್ತಿರ ಬಂದು ನಿಂತಿತು. ನಾವು ಆರು ಜನ ಹತ್ತಿದೆವು. ಏರು ಶುರುವಾಗುವ ಜಾಗದಲ್ಲಿ ಅವನು ಕನ್ನಡಿಯ ಪಕ್ಕ ಅಂಟಿಸಿದ್ದ ಕಾಗದವನ್ನು ಒಮ್ಮೆ ನೋಡಿ, ಗೇರು ಇಳಿಸಿದ.